ಮಾಸು ಮತ್ತು ಬಾಡಿಗೆಯ ತವರು

ಹೊಟ್ಟೆಗೆ ಜೆಲ್ ಹಚ್ಚಿ ಸ್ಕ್ಯಾನಿಂಗ್ ಶುರುಮಾಡಿದ ಕೂಡಲೇ ಎಲ್ಲರ ಕಣ್ಣೂ ಪರದೆಯ ಮೇಲೆ ಮಗುವನ್ನು ಹುಡುಕುತ್ತವೆ. ನಾನು ಮೊದಲು ಹುಡುಕುವುದು ಮಾಸನ್ನು. ಮಗು ಎಲ್ಲಿಗೂ ಓಡಿ ಹೋಗುವುದಿಲ್ಲ. ಅದರ ಊಟ, ಉಸಿರು, ಕೊಳೆ ಎಲ್ಲವನ್ನೂ ನೋಡಿಕೊಳ್ಳುವ ಮಾಸು ಎಲ್ಲಿ ಬೇರು ಬಿಟ್ಟಿದೆ ಎಂದು ತಿಳಿಯುವ ತನಕ ನನಗೆ ಸಮಾಧಾನವಿಲ್ಲ. ಕಾಶಿಯ ಭೇಲೂಪುರದ ಒಂದು ನರ್ಸಿಂಗ್ ಹೋಮ್‌ನಲ್ಲಿ ನಾನು ಹೆರಿಗೆ ವೈದ್ಯೆ. ಅಪ್ಪ ಇಲ್ಲಿನ ಕರ್ನಾಟಕದ ಮಠವೊಂದರ ಕಚೇರಿಯಲ್ಲಿದ್ದರು, ಹಾಗಾಗಿ ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಮಾತಾಡುವ ಬಸುರಿ ಬಂದರೆ ನಮ್ಮ ಸಿಸ್ಟರ್‌ಗಳು ನನ್ನನ್ನು ಹುಡುಕಿಕೊಂಡು ಬರುತ್ತಾರೆ.

ಆ ಹುಡುಗಿಯೂ ಹಾಗೆಯೇ ಬಂದಳು. ಗದಗಿನ ಕಡೆಯವಳು, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗಂಡ ಘಾಟಿನಲ್ಲಿ ದಕ್ಷಿಣದ ಯಾತ್ರಿಕರಿಗೆ ಪಿಂಡದಾನ, ಶ್ರಾದ್ಧ ಮಾಡಿಸುವ ಪುರೋಹಿತ. ಜೊತೆಗೆ ಬಂದಿದ್ದ ಅತ್ತೆ ನನ್ನ ಹಾಗೆಯೇ ಕಾಶಿಯಲ್ಲಿ ಹುಟ್ಟಿದವರು. ಅವರ ಕನ್ನಡಕ್ಕೂ ನನ್ನ ಕನ್ನಡಕ್ಕೂ ಹಿಂದಿಯ ಒಗ್ಗರಣೆ ಒಂದೇ ಹದದಲ್ಲಿ ಬಿದ್ದಿತ್ತು. ಮೂರನೇ ತಿಂಗಳ ಸ್ಕ್ಯಾನಿಂಗ್ ನಾನು ರಜೆಯಲ್ಲಿದ್ದಾಗ ಆಗಿತ್ತು, ಇದು ಐದನೇ ತಿಂಗಳದು. ಮಗು ಚೆನ್ನಾಗಿತ್ತು. ಮಾಸು ಮಾತ್ರ ತೀರ ಕೆಳಗೆ, ಗರ್ಭಕೋಶದ ಬಾಯಿಯ ಮೇಲೆಯೇ ಚಾಪೆ ಹಾಸಿ ಮಲಗಿತ್ತು. ನಾನು ಅದನ್ನೇ ಅಳೆಯುತ್ತಾ ಕೂತಿದ್ದು ಅತ್ತೆಗೆ ಸರಿಬರಲಿಲ್ಲ.

"ಡಾಕ್ಟ್ರೇ, ಬಚ್ಚಾ ಠೀಕ್ ಇದೆ ಅಂದ್ರಲ್ಲ. ಆ ಕಸ ಯಾಕೆ ಅಷ್ಟೊತ್ತು ನೋಡ್ತೀರಿ?"

ಹೆರಿಗೆಯಾದ ಮೇಲೆ ಬೀಳುವುದರಿಂದ ನಮ್ಮವರು ಅದನ್ನು ಕಸ ಎನ್ನುತ್ತಾರೆ. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ. "ಅಮ್ಮಾ, ನಿಮ್ಮ ಸೊಸೆ ಬಸುರಿ ಅಂತ ನಿಮಗೆ ಮೊದಲು ಹೇಳಿದ್ದೇ ಈ ಕಸ. ಪರೀಕ್ಷೆಯ ಪಟ್ಟಿಯಲ್ಲಿ ಎರಡನೇ ಗೆರೆ ಬಂತಲ್ಲ, ಅದನ್ನ ಎಳೆದದ್ದು ಇದು" ಎಂದೆ. ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ನಕ್ಕಳು.

ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳಿಬಿಡುತ್ತೇನೆ. ಗರ್ಭ ಕಟ್ಟಿದ ಕೆಲವೇ ದಿನಗಳಲ್ಲಿ ಸಾಸಿವೆಗಿಂತ ಸಣ್ಣ ಜೀವಕೋಶಗಳ ಉಂಡೆಯೊಂದು ಗರ್ಭಕೋಶದ ಗೋಡೆಗೆ ಅಂಟಿಕೊಂಡು ಒಳಗೆ ಕೊರೆದು ಹೋಗುತ್ತದೆ. ಅದರ ಒಳಗಿನ ಪಾಲು ಮಗುವಾಗುತ್ತದೆ, ಹೊರಗಿನ ಪಾಲು ಮಾಸಾಗುತ್ತದೆ. ಅಂದರೆ ಮಾಸು ತಾಯಿಯದಲ್ಲ, ಮಗುವಿನದೇ ಅಂಗ. ಅದು ಗೋಡೆಯೊಳಗೆ ಸಾವಿರಾರು ಕವಲುಗಳ ಬೇರು ಇಳಿಸಿ ತಾಯಿಯ ರಕ್ತನಾಳಗಳ ಬಾಯಿ ಅಗಲ ಮಾಡಿಸುತ್ತದೆ. ತಾಯಿಯ ರಕ್ತ ಬಂದು ಆ ಬೇರುಗಳನ್ನು ತೊಳೆದು ಹೋಗುತ್ತದೆ. ಇಬ್ಬರ ರಕ್ತ ಒಂದಕ್ಕೊಂದು ಬೆರೆಯುವುದಿಲ್ಲ, ನಡುವೆ ತೆಳ್ಳನೆಯ ಪೊರೆಯಿದೆ. ಆ ಪೊರೆಯ ಮೂಲಕವೇ ಆಮ್ಲಜನಕ, ಸಕ್ಕರೆ, ಸುಣ್ಣದಂಶ ಆಚೆಗೆ ಹೋಗುತ್ತವೆ, ಮಗುವಿನ ಕೊಳೆ ಈಚೆಗೆ ಬರುತ್ತದೆ. ಮೂರನೇ ತಿಂಗಳ ಹೊತ್ತಿಗೆ ಬಸಿರನ್ನು ಉಳಿಸುವ ಹಾರ್ಮೋನುಗಳನ್ನೂ ಮಾಸೇ ತಯಾರಿಸತೊಡಗುತ್ತದೆ. ಶ್ವಾಸಕೋಶ, ಹೊಟ್ಟೆ, ಮೂತ್ರಪಿಂಡ ಎಲ್ಲದರ ಕೆಲಸ ಒಂದರ ಕೈಯಲ್ಲೇ.

ಅಷ್ಟೆಲ್ಲ ಮಾಡಿದರೂ ತಾನು ಎಲ್ಲಿ ಕೂರಬೇಕು ಎಂಬ ವಿವೇಕ ಮಾತ್ರ ಅದಕ್ಕಿಲ್ಲ. ಉಂಡೆ ಎಲ್ಲಿ ಅಂಟಿತೋ ಅಲ್ಲೇ ಸಂಸಾರ. ಕೆಳಗೆ ಅಂಟಿದರೆ ಮಗುವಿನ ದಾರಿಗೇ ಅಡ್ಡ. ಆದರೆ ಐದನೇ ತಿಂಗಳಿನಲ್ಲಿ ಹೀಗಿರುವುದು ಹೊಸದಲ್ಲ, ಬಹುಪಾಲು ತಾನಾಗಿ ಮೇಲೆ ಸರಿಯುತ್ತದೆ. ಅತ್ತೆ ನಂಬಲಿಲ್ಲ. "ಬೇರು ಬಿಟ್ಟಿದೆ ಅಂತೀರಿ, ಸರಿಯುತ್ತೆ ಅಂತೀರಿ. ಗಿಡ ನಡೆಯುತ್ತಾ?" ಎಂದರು. ಪ್ರಶ್ನೆ ಸರಿಯಾಗಿಯೇ ಇತ್ತು.

ನಾನು ರಬ್ಬರಿನ ಕೈಗವಸು ಒಂದನ್ನು ತೆಗೆದು, ಅತ್ತೆಯ ಪರ್ಸಿನಲ್ಲಿದ್ದ ಕುಂಕುಮದ ಡಬ್ಬಿ ಕೇಳಿ, ಗವಸಿನ ಬಾಯಿಯ ಹತ್ತಿರ ಒಂದು ಬೊಟ್ಟಿಟ್ಟು ಊದಿದೆ. ಗವಸು ಉಬ್ಬುತ್ತಾ ಹೋದ ಹಾಗೆ ಬೊಟ್ಟು ಬಾಯಿಯಿಂದ ದೂರವಾಯಿತು. "ಬೊಟ್ಟು ನಡೆಯಲಿಲ್ಲ, ಗೋಡೆ ಹಿಗ್ಗಿತು. ಗರ್ಭಕೋಶದ ಕೆಳಭಾಗ ಕೊನೆಯ ತಿಂಗಳುಗಳಲ್ಲಿ ಹೀಗೇ ಹಿಗ್ಗುತ್ತೆ" ಎಂದೆ. ಅತ್ತೆ ಐದು ಬೆರಳಿನ ಆ ಬಲೂನನ್ನು ಮನೆಗೆ ಒಯ್ದರು. ಮಗ ಪಿಂಡದಾನ ಮುಗಿಸಿ ಬಂದಾಗ ಅವನಿಗೂ ತೋರಿಸಿ ಪಾಠ ಮಾಡಿದರಂತೆ.

ಏಳನೇ ತಿಂಗಳ ಕೊನೆಗೆ ಮೂವರೂ ಬಂದರು. ಸೀಮಂತಕ್ಕೆ ದಿನ ಗೊತ್ತಾಗಿತ್ತು, ಅದನ್ನು ಮುಗಿಸಿಕೊಂಡು ಹುಡುಗಿ ಚೊಚ್ಚಲ ಹೆರಿಗೆಗೆ ತವರಿಗೆ ಹೊರಡುವವಳಿದ್ದಳು. ರೈಲಿನಲ್ಲಿ ಎರಡು ರಾತ್ರಿಯ ದಾರಿ. ಟಿಕೆಟ್ ಆಗಿತ್ತು. ನನ್ನಿಂದ ಬೇಕಾಗಿದ್ದದ್ದು ಹೂಂ ಎಂಬ ಒಂದು ಮಾತು. ಹುಡುಗಿಯ ಕಣ್ಣಲ್ಲಿ ಆಗಲೇ ಗದಗ ಸ್ಟೇಷನ್ ಕಾಣುತ್ತಿತ್ತು. "ಅವ್ವ ಹಿತ್ತಲದಾಗ ನೀರೊಲಿ ಹೊಸದು ಹಾಕಿಸ್ಯಾಳ್ರಿ, ಬಾಣಂತಿ ನೀರಿಗೆ" ಎಂದು ಮಲಗಿಕೊಂಡೇ ಹೇಳುತ್ತಿದ್ದಳು. ನಾನು ಪರದೆ ನೋಡಿದೆ. ಮಾಸು ಅರ್ಧ ಮನಸ್ಸು ಮಾಡಿತ್ತು, ಆದರೆ ಅದರ ಅಂಚು ಇನ್ನೂ ಬಾಯಿಯ ಮೇಲೆಯೇ ಇತ್ತು.

ಇಂಥ ಸ್ಥಿತಿಯಲ್ಲಿ ಅಪಾಯ ನೋವಿಲ್ಲದೆ ಬರುತ್ತದೆ. ಕೆಳಭಾಗ ಹಿಗ್ಗುವಾಗ ಮಾಸಿನ ಅಂಚು ಗೋಡೆಯಿಂದ ಸ್ವಲ್ಪ ಬಿಟ್ಟರೂ ಸಾಕು, ರಕ್ತ ಹರಿಯತೊಡಗುತ್ತದೆ. ಆಸ್ಪತ್ರೆ ಹತ್ತಿರವಿದ್ದರೆ ತಾಯಿಯೂ ಉಳಿಯುತ್ತಾಳೆ, ಮಗುವೂ ಉಳಿಯುತ್ತದೆ. ಯಾವುದೋ ಎರಡು ಸ್ಟೇಷನ್‌ಗಳ ನಡುವೆ, ಸ್ಲೀಪರ್ ಬೋಗಿಯಲ್ಲಿ ಆದರೆ ಏನು ಹೇಳುವುದು? "ಹೋಗುವ ಹಾಗಿಲ್ಲ" ಎಂದೆ. ಮಾತು ನನ್ನ ಬಾಯಿಂದ ಸ್ವಲ್ಪ ಒರಟಾಗಿಯೇ ಬಂತು. ಹುಡುಗಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಅತ್ತಳು. ಗಂಡ ಏನು ಮಾಡಬೇಕೆಂದು ತೋಚದೆ ಫೋನ್ ನೋಡಿದ. ಅತ್ತೆಯ ಚಿಂತೆ ಬೇರೆ. "ಬೀಗರು ಏನಂತಾರೆ? ಚೊಚ್ಚಲಿಗೆ ತವರಿಗೆ ಕಳಿಸದ ಅತ್ತೆ ಅಂತ ನನ್ನ ಹೆಸರು ಗದಗಿನ ತನಕ ಬದ್‌ನಾಮ್ ಆಗುತ್ತೆ."

ಗದಗಿನ ತಾಯಿಗೆ ಅಲ್ಲಿಂದಲೇ ಫೋನ್ ಹಚ್ಚಿದೆವು. ನಾನು ಮಾಸಿನ ಕಥೆಯನ್ನೆಲ್ಲ ಹೇಳಿದೆ. ಅವರು ಶಾಂತವಾಗಿ ಕೇಳಿಸಿಕೊಂಡು, "ಹಂಗಾದ್ರ ವಿಮಾನದಾಗ ಕಳಸ್ರಿ" ಎಂದರು. ವಿಮಾನದಲ್ಲೂ ಮಾಸು ಜೊತೆಗೇ ಬರುತ್ತದೆ ಎಂದು ತಿಳಿಸಿ ಹೇಳಲು ಮತ್ತಷ್ಟು ಹೊತ್ತು ಹಿಡಿಯಿತು. ಕೊನೆಗೆ ಅವರು ಒಪ್ಪಲೂ ಇಲ್ಲ, ಜಗಳವಾಡಲೂ ಇಲ್ಲ. ಸೀಮಂತ ಮುಗಿಯಲಿ, ನೋಡೋಣ ಎಂದು ಫೋನಿಟ್ಟರು. ಟಿಕೆಟ್ ರದ್ದಾಗಲಿಲ್ಲವೆಂದು ನನಗೆ ಗೊತ್ತಾದದ್ದು ಆಮೇಲೆ.

ಸೀಮಂತದ ದಿನ, ಕೈಗೆ ಹಸಿರು ಬಳೆ ಏರಿಸುತ್ತಿರುವಾಗಲೇ ರಕ್ತ ಕಾಣಿಸಿಕೊಂಡಿತು. ನೋವಿಲ್ಲ, ಮುನ್ಸೂಚನೆಯಿಲ್ಲ. ಆ ಹುಡುಗಿ ಜಾಣೆ, ಯಾರನ್ನೂ ಗಾಬರಿ ಮಾಡದೆ ಅತ್ತೆಯ ಕಿವಿಯಲ್ಲಿ ಹೇಳಿದಳು. ಅತ್ತೆ ಆರತಿಯ ತಟ್ಟೆ ಅಲ್ಲೇ ಬಿಟ್ಟು ಇ-ರಿಕ್ಷಾ ಹಿಡಿದು ಕರೆತಂದರು. ಅವಳು ಬಂದಾಗ ಒಂದು ಕೈಗೆ ಪೂರ್ತಿ ಬಳೆ, ಇನ್ನೊಂದು ಕೈಗೆ ಎರಡೇ. ಮಲಗಿಸಿ, ಡ್ರಿಪ್ ಹಾಕಿ, ಮಗುವಿನ ಎದೆಬಡಿತದ ಯಂತ್ರ ಹಚ್ಚಿದೆವು. ಬಡಿತ ಗಟ್ಟಿಯಾಗಿತ್ತು. ಒಂದು ವೇಳೆ ಬೇಗ ತೆಗೆಯಬೇಕಾಗಿ ಬಂದರೆ ಇರಲಿ ಎಂದು ಮಗುವಿನ ಶ್ವಾಸಕೋಶ ಬಲಿಸುವ ಇಂಜೆಕ್ಷನ್ ಕೊಟ್ಟೆವು. ಒಳಗೆ ಕೈಹಾಕಿ ಪರೀಕ್ಷೆ ಮಾಡುವ ಹಾಗಿಲ್ಲ, ಬೆರಳು ಮಾಸಿಗೆ ತಗುಲಿದರೆ ಕಟ್ಟೆ ಒಡೆದ ಹಾಗೆ. ನೋಡುತ್ತಾ ಕಾಯುವುದೊಂದೇ ಕೆಲಸ, ಅದು ನನಗೆ ಒಗ್ಗದ ಕೆಲಸ.

ರಕ್ತ ತಯಾರಿಟ್ಟುಕೊಳ್ಳಬೇಕಿತ್ತು. ಬ್ಲಡ್ ಬ್ಯಾಂಕಿನವರು ಬದಲಿಗೆ ರಕ್ತ ಕೊಡುವವರು ಬೇಕೆಂದರು. ಗಂಡ ಘಾಟಿಗೆ ಓಡಿ ತನ್ನ ಜೊತೆಯ ಪುರೋಹಿತರನ್ನೆಲ್ಲ ಕರೆತಂದ. ಪಂಚೆ, ಶಲ್ಯ, ಹಣೆಯ ತುಂಬ ವಿಭೂತಿ, ಒಬ್ಬನ ಬೆರಳಲ್ಲಿ ದರ್ಭೆಯ ಪವಿತ್ರ ಇನ್ನೂ ಹಾಗೇ ಇತ್ತು. ಸೀಮಂತದ ಮುಹೂರ್ತ ಕೂಡಿಬಂದದ್ದೂ ಏಕಾದಶಿಯಂದೇ, ಊಟ ಮರುದಿನಕ್ಕಿತ್ತು, ಎಲ್ಲರೂ ಉಪವಾಸ. ಬರಿ ಹೊಟ್ಟೆಯವರ ರಕ್ತ ತೆಗೆಯುವುದಿಲ್ಲ ಎಂದು ಅಲ್ಲಿನ ಟೆಕ್ನಿಷಿಯನ್ ಕೈಯಲ್ಲಾಡಿಸಿಬಿಟ್ಟ. "ಪಂಡಿತ್‌ಜೀ, ಪೆಹಲೇ ಕಚೋರಿ ಖಾಕೆ ಆಇಯೇ" ಎಂದನಂತೆ, ಮೊದಲು ಕಚೋರಿ ತಿಂದು ಬನ್ನಿ ಎಂದು. ಆಗ ಅವರಲ್ಲಿ ಹಿರಿಯರೊಬ್ಬರು, "ವರ್ಷಪೂರ್ತಿ ಹೋದವರಿಗೆ ಮಾಡಿಸ್ತೀವಿ, ಒಂದು ದಿನ ಬರೋರಿಗೆ ಮಾಡೋಣ, ನಡೀರಿ" ಎಂದು ಎದುರಿನ ಅಂಗಡಿಗೆ ನಡೆದರು. ಏಕಾದಶಿಯಂದು ನಾಲ್ವರು ಕಾಶೀ ಪುರೋಹಿತರು ಕಚೋರಿ, ಜಿಲೇಬಿ ತಿಂದು ರಕ್ತ ಕೊಟ್ಟ ಸುದ್ದಿ ಘಾಟಿನಲ್ಲೆಲ್ಲ ಹರಡಿತು. ಅವರಲ್ಲೊಬ್ಬರ ಫೋನಿನಲ್ಲಿ, ಪಿಂಡ ಕಲಸಿಕೊಂಡು ಕಾಯುತ್ತಿದ್ದ ಮಂಡ್ಯದ ಯಾತ್ರಿಕರು ಬೈಯುತ್ತಲೇ ಇದ್ದರು.

ರಕ್ತಸ್ರಾವ ಅಂದು ಸಂಜೆಯೊಳಗೆ ನಿಂತಿತು. ಎರಡು ದಿನ ಕಳೆದ ಮೇಲೂ ಮತ್ತೆ ಕಾಣಿಸಲಿಲ್ಲ. ಈಗ ಅವಳನ್ನು ಎಲ್ಲಿಗೆ ಕಳಿಸುವುದೆಂಬುದು ಪ್ರಶ್ನೆ. ಅತ್ತೆಯ ಮನೆ ಘಾಟಿನ ಗಲ್ಲಿಯೊಳಗೆ, ಮೂರನೇ ಮಹಡಿಯಲ್ಲಿ. ಆ ಗಲ್ಲಿಯಲ್ಲಿ ಒಂದು ಗೂಳಿ ಅಡ್ಡ ನಿಂತರೆ ಆಂಬುಲೆನ್ಸ್ ಇರಲಿ, ಸೈಕಲ್ಲೂ ಬರುವುದಿಲ್ಲ. ನಮ್ಮಲ್ಲೇ ಎರಡು ತಿಂಗಳು ಮಲಗಿಸಿಕೊಳ್ಳುವುದು ಯಾರಿಗೂ ಇಷ್ಟವಿಲ್ಲ. ಹುಡುಗಿಯ ಬಾಯಲ್ಲಿ ಮಾತ್ರ ಒಂದೇ ಮಾತು. "ನಾ ಅವ್ವನ ಹಂತೇಕ ಹೋಗ್ತೀನಿ."

ಅವಳ ಬಿ.ಪಿ. ನೋಡುತ್ತಾ ಕೂತಿದ್ದಾಗ ನನಗೆ ಥಟ್ಟನೆ ಹೊಳೆಯಿತು. ನನಗೆ ಬೇಕಾದದ್ದು ಆಸ್ಪತ್ರೆಗೆ ಹತ್ತಿರವಿರುವ, ಮೆಟ್ಟಿಲಿಲ್ಲದ ಮನೆ. ಅವಳಿಗೆ ಬೇಕಾದದ್ದು ಅವ್ವ. ಅತ್ತೆಗೆ ಬೇಕಾದದ್ದು ಚೊಚ್ಚಲಿಗೆ ತವರಿಗೆ ಕಳಿಸಿದೆನೆಂಬ ಹೆಸರು. ಮೂರೂ ಭೇಲೂಪುರದಲ್ಲಿ ಸಿಗುತ್ತವೆ. ಗದಗಿಗೆ ಫೋನ್ ಮಾಡಿದೆ. "ಅಮ್ಮಾ, ಮಗಳು ಬರೋ ಹಾಗಿಲ್ಲ. ನೀವೇ ತವರು ತಗೊಂಡು ಇಲ್ಲಿಗೆ ಬನ್ನಿ. ನಮ್ಮ ಹಿಂದಿನ ರಸ್ತೆಯಲ್ಲೇ ನೆಲಮಹಡಿಯ ಫ್ಲ್ಯಾಟ್ ಖಾಲಿ ಇದೆ."

ಅವರು ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಜ್ವಾಳದ ಹಿಟ್ಟು ಸಿಗತೈತೇನ್ರಿ?"

ಸಿಗುವುದಿಲ್ಲ ಎಂದೆ. ಹಾಗಾಗಿ ಹಿಟ್ಟು ತಂದರು. ಹಿಟ್ಟಿನ ಜೊತೆಗೆ ರೊಟ್ಟಿಯ ಹಂಚು, ಗುರೆಳ್ಳು ಚಟ್ನಿಪುಡಿ, ಬಾಣಂತಿ ಖಾರ, ಒಂದು ಚೀಲ ಬೆಲ್ಲ, ಹಳೆಯ ಸೀರೆಗಳ ಗಂಟು, ತೊಟ್ಟಿಲಿನ ಬಿಚ್ಚಿದ ಕಾಲುಗಳು ಬಂದವು. ಮಗಳಿಗೆಂದು ತೆಗೆದಿಟ್ಟಿದ್ದ ಟಿಕೆಟನ್ನು ರದ್ದು ಮಾಡಿಸಿ ತಾವು ಈ ಕಡೆಯ ಗಾಡಿ ಹತ್ತಿದ್ದರು. ಬಂದ ದಿನವೇ ಫ್ಲ್ಯಾಟಿನ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ, ಬಾಗಿಲಿಗೆ ಮಾವಿನೆಲೆ ಕಟ್ಟಿದರು. "ಈಗ ಇದು ನಮ್ಮನಿ" ಎಂದು ನನ್ನ ಕೈಗೆ ಚಹಾ ಕೊಟ್ಟರು.

ಆಮೇಲೆ ನಡೆದದ್ದು ನೋಡಬೇಕಿತ್ತು. ಅತ್ತೆ ಶಾಸ್ತ್ರದಲ್ಲಿ ಒಂದು ಎಳೆಯೂ ಬಿಡಲಿಲ್ಲ. ನರ್ಸಿಂಗ್ ಹೋಮ್‌ನ ಮಂಚದ ಮೇಲೆಯೇ ಸೊಸೆಯ ಉಳಿದರ್ಧ ಬಳೆ ತೊಡಿಸಿದರು, ಉಡಿ ತುಂಬಿದರು, ದೃಷ್ಟಿ ತೆಗೆದರು. ವೀಲ್‌ಚೇರಿನಲ್ಲಿ ಕೂರಿಸಿ, ಹಿಂದಿನ ಗೇಟಿನಿಂದ ರಸ್ತೆ ದಾಟಿಸಿ, ಹೊಸ್ತಿಲ ಹೊರಗೆ ನಿಂತು "ಬೀಗರೇ, ನಿಮ್ಮ ಮಗಳನ್ನ ಒಪ್ಪಿಸಿದ್ದೀನಿ" ಎಂದರು. ಒಳಗಿನಿಂದ ತಾಯಿ ಆರತಿ ಎತ್ತಿದರು. ವಾರ್ಡ್‌ಬಾಯ್ ಬೆಪ್ಪಾಗಿ ನಿಂತಿದ್ದ. ತವರಿಗೆ ಹೋದ ಮಗಳನ್ನು ಅತ್ತೆಮನೆಯವರು ಹೇಳದೆ ಕೇಳದೆ ಹೋಗಿ ನೋಡುವುದು ಚೆಂದವಲ್ಲ ಎಂದು ಅತ್ತೆ, ಬೀಗರು ಕರೆದಾಗ ಮಾತ್ರ ಬರುತ್ತಿದ್ದರು. ಗಂಡನಿಗೆ ಅಂಥ ಬಿಗುಮಾನವಿರಲಿಲ್ಲ. ಘಾಟಿನ ಕೆಲಸ ಮುಗಿಸಿ ದಿನಾ ಅಳಿಯನಾಗಿ ಬರುತ್ತಿದ್ದ. ಬಸುರಿಗಿಂತ ಅವನ ತೂಕವೇ ಬೇಗ ಏರುತ್ತಿದೆ ಎಂದು ನಾನು ಛೇಡಿಸುತ್ತಿದ್ದೆ.

ಒಂಬತ್ತನೇ ತಿಂಗಳ ನಿರ್ಣಾಯಕ ಸ್ಕ್ಯಾನಿಂಗ್ ದಿನ ಬಂತು. ಮಾಸಿನ ಅಂಚು ಬಾಯಿಯಿಂದ ಎರಡು ಸೆಂಟಿಮೀಟರಿಗಿಂತ ಆಚೆ ಸರಿದಿದ್ದರೆ ಸಹಜ ಹೆರಿಗೆಗೆ ಬಿಡಬಹುದು. ಇಲ್ಲದಿದ್ದರೆ ಆಪರೇಷನ್, ಅದೂ ರಕ್ತ ಬಹಳ ಹೋಗಬಹುದಾದ ಆಪರೇಷನ್. ಬೀಗರಿಬ್ಬರೂ ಗೋಡೆಗೆ ಒರಗಿ ನಿಂತಿದ್ದರು. ನಾನು ಹೊಟ್ಟೆಯ ಮೇಲಿಂದ ನೋಡಿದೆ. ಮಾಸು ಬಾಯಿಯ ಮೇಲೆಯೇ ಮಲಗಿತ್ತು, ಮೊದಲಿಗಿಂತ ಹೆಚ್ಚಾಗಿಯೇ. ಆಪರೇಷನ್‌ಗೆ ಯಾವ ದಿನ, ಯಾರು ಅರಿವಳಿಕೆ ಕೊಡುವವರು, ಎಷ್ಟು ಬಾಟಲಿ ರಕ್ತ ಎಂದು ಮನಸ್ಸು ಓಡತೊಡಗಿತು. ನನ್ನ ಮುಖ ನೋಡಿಯೇ ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು.

ಹೇಳಲು ಬಾಯಿ ತೆರೆದವಳು ಪರದೆಯ ಮೇಲ್ಭಾಗ ನೋಡಿ ನಿಲ್ಲಿಸಿದೆ. ಅಲ್ಲಿ ಕಪ್ಪಗೆ ಒಂದು ಕೆರೆ ಇತ್ತು. ಮೂತ್ರಕೋಶ. ಅಷ್ಟು ದೊಡ್ಡದನ್ನು ನಾನು ಅಪರೂಪಕ್ಕೆ ಕಂಡಿದ್ದೆ. ಮೂತ್ರಕೋಶ ವಿಪರೀತ ತುಂಬಿದರೆ ಗರ್ಭಕೋಶದ ಕೆಳಭಾಗವನ್ನು ಅಮುಕಿ ಎರಡೂ ಗೋಡೆಗಳನ್ನು ಒಂದಕ್ಕೊಂದು ತಾಗಿಸಿಬಿಡುತ್ತದೆ. ದೂರವಿರುವ ಮಾಸೂ ಬಾಯಿಯ ಮೇಲೆಯೇ ಇದ್ದಂತೆ ಕಾಣುತ್ತದೆ.

"ಎಷ್ಟು ನೀರು ಕುಡಿದೆ?" ಎಂದೆ.

ಹುಡುಗಿ ಅವ್ವನನ್ನು ನೋಡಿದಳು, ಅತ್ತೆಯನ್ನು ನೋಡಿದಳು. "ಅವ್ವ ಒಂದು ತಂಬಿಗಿ ಮಜ್ಜಿಗಿ ಕುಡಿಸಿದ್ಳ್ರಿ. ಆಮ್ಯಾಲೆ ಬಾಗಿಲದಾಗ ಅತ್ತಿ ಗಂಗಾಜಲ ತಂದಿದ್ರು. ಬ್ಯಾಡ ಅನ್ನಾಕ ಬರತೈತೇನ್ರಿ? ಅದೂ ಒಂದು ತಂಬಿಗಿ."

ಮೂರನೇ ತಿಂಗಳಿನಲ್ಲಿ ಮೊದಲ ಸ್ಕ್ಯಾನಿಂಗ್‌ಗೆ ಬಂದಾಗ ನಮ್ಮ ರಿಸೆಪ್ಷನಿಸ್ಟ್ "ಖೂಬ್ ಪಾನಿ ಪೀಕೆ ಆನಾ", ಚೆನ್ನಾಗಿ ನೀರು ಕುಡಿದು ಬಾ, ಎಂದಿದ್ದಳು. ಆಗ ಅದು ಬೇಕು, ಈಗ ಬೇಡ. ಅತ್ತೆ ಅದನ್ನು ಮರೆತಿರಲಿಲ್ಲ, ಮರೆಯದೆ ಬೀಗರಿಗೂ ಹೇಳಿದ್ದರು. ಆಮೇಲೆ ತವರಿನವರು ಎಷ್ಟು ಕುಡಿಸುತ್ತಾರೋ ಏನೋ ಎಂದು ತಮ್ಮ ಪಾಲಿನದನ್ನೂ ತಂದಿದ್ದರು. ತವರಿನ ಮಜ್ಜಿಗೆಗೆ ಅತ್ತೆಮನೆಯ ಗಂಗೆ ಸೋಲಬಾರದಲ್ಲ.

ನಾನು ಹುಡುಗಿಯನ್ನು ಬಾತ್‌ರೂಮಿಗೆ ಕಳಿಸಿದೆ. ಅವಳು ಬಹಳ ಹೊತ್ತು ಬರಲಿಲ್ಲ. ಇತ್ತ ಬೀಗರಿಬ್ಬರೂ ಒಬ್ಬರನ್ನೊಬ್ಬರು ನೋಡದೆ ನಿಂತಿದ್ದರು. ಮರಳಿ ಬಂದ ಮೇಲೆ ಈ ಸಲ ಕೆಳಗಿನಿಂದ, ಸಣ್ಣ ಹಿಡಿಯ ಪ್ರೋಬಿನಿಂದ ನಿಧಾನವಾಗಿ ನೋಡಿದೆ. ಇದು ಬೆರಳಿನ ಪರೀಕ್ಷೆಯಲ್ಲ, ಮಾಸಿಗೆ ತಾಗುವುದಿಲ್ಲ, ಹೊಟ್ಟೆಯ ಮೇಲಿನದಕ್ಕಿಂತ ನಿಖರ. ಬಾಯಿ ಬಿಡುವಾಗಿ ಕಾಣಿಸಿತು. ಅಂಚು ಎಲ್ಲಿದೆ ಎಂದು ಹುಡುಕಬೇಕಾಯಿತು. ಮೂರು ಸೆಂಟಿಮೀಟರ್ ದೂರ. ಮೂರು ಸಲ ಅಳೆದೆ, ಮೂರು ಸಲವೂ ಅಷ್ಟೇ. ನಗು ತಡೆಯಲಾಗದೆ ಜೋರಾಗಿಯೇ ನಕ್ಕುಬಿಟ್ಟೆ. "ಗವಸಿನ ಬೊಟ್ಟು ಮೇಲೆ ಹೋಯಿತು ಅಮ್ಮಾ" ಎಂದಾಗ ಅತ್ತೆಗೆ ತಕ್ಷಣ ಅರ್ಥವಾಯಿತು. ಅವರು ಹೋಗಿ ಬೀಗರ ಕೈ ಹಿಡಿದುಕೊಂಡರು. ನನ್ನ ಕಣ್ಣೂ ಒದ್ದೆಯಾಗಿದ್ದವು, ಜೆಲ್ ಒರೆಸುವ ನೆಪದಲ್ಲಿ ಬಗ್ಗಿದೆ.

ಹೆರಿಗೆ ದಿನ ತುಂಬಿಯೇ ಆಯಿತು, ಹಾಡಹಗಲಲ್ಲಿ, ಸಹಜವಾಗಿ. ಹೆಣ್ಣುಮಗು. ಹುಟ್ಟಿದ ಕೂಡಲೇ ಇಡೀ ಭೇಲೂಪುರಕ್ಕೆ ಕೇಳುವಂತೆ ಅತ್ತಿತು. ಸ್ವಲ್ಪ ಹೊತ್ತಿಗೆ ಮಾಸು ಹೊರಬಂತು. ಅದನ್ನು ಸ್ಟೀಲ್ ತಟ್ಟೆಯಲ್ಲಿ ಹರವಿ, ತಾಯಿಯ ಗೋಡೆಗೆ ಅಂಟಿದ್ದ ಬದಿಯ ಹಾಲೆಗಳನ್ನು ಒಂದಕ್ಕೊಂದು ಜೋಡಿಸಿ ನೋಡಿದೆ. ಒಂದು ಚೂರು ಒಳಗುಳಿದರೂ ರಕ್ತ ನಿಲ್ಲುವುದಿಲ್ಲ. ಎಲ್ಲ ಇತ್ತು. ಹೊಕ್ಕುಳಬಳ್ಳಿಯ ಮೂರು ನಾಳಗಳೂ ಸರಿಯಿದ್ದವು. ಆಗ ಅತ್ತೆ ಬಾಗಿಲಲ್ಲಿ ನಿಂತು, "ತೋರಿಸ್ತೀರಾ?" ಎಂದು ಮೆಲ್ಲಗೆ ಕೇಳಿದರು.

ತಟ್ಟೆಯಲ್ಲಿ ಅದನ್ನು ಮಗುಚಿ ಮಗುವಿನ ಬದಿ ಮೇಲೆ ಮಾಡಿದೆ. ನುಣ್ಣಗೆ ಹೊಳೆಯುವ ಪೊರೆಯ ಕೆಳಗೆ, ಬಳ್ಳಿಯ ಬುಡದಿಂದ ನೀಲಿ ನಾಳಗಳು ಮರದ ಕೊಂಬೆಗಳಂತೆ ಅಂಚಿನವರೆಗೂ ಹರಡಿದ್ದವು. ಅರ್ಧ ಕೆ.ಜಿ.ಯಷ್ಟು ತೂಕ. ಬೀಗರಿಬ್ಬರೂ ಬಗ್ಗಿ ಬಹಳ ಹೊತ್ತು ನೋಡಿದರು. "ಇಷ್ಟು ಚೆಂದ ಇರುತ್ತಾ ಇದು" ಎಂದರು ಅತ್ತೆ. ಕಸ ಎಂಬ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ. ಹುಡುಗಿಯ ತಾಯಿ ಅದನ್ನು ತಮಗೆ ಕೊಡಿ ಎಂದು ಕೇಳಿದರು. "ನಮ್ಮ ಕಡೆ ತವರಮನಿ ಹಿತ್ತಲದಾಗ ಹೂಳ್ತಾರ್ರಿ. ಕೂಸಿನ ಬೇರು ಅಲ್ಲಿರತೈತಿ ಅಂತ." ಆಸ್ಪತ್ರೆಯ ನಿಯಮದಂತೆ ಅದು ತ್ಯಾಜ್ಯದ ಹಳದಿ ಚೀಲಕ್ಕೇ ಹೋಗಬೇಕು, ನನ್ನ ಕೈಯಲ್ಲಿಲ್ಲ ಎಂದೆ. ಅವರ ಮುಖ ಬಾಡಿತು. "ಮಗುವಿನ ಹೊಕ್ಕುಳಲ್ಲಿ ಬಳ್ಳಿಯ ತುಣುಕು ಇದೆಯಲ್ಲ, ಅದು ಒಣಗಿ ನಿಮ್ಮ ಮನೆಯಲ್ಲೇ ಬೀಳುತ್ತೆ. ಅದು ನಿಮ್ಮದು" ಎಂದು ಸಮಾಧಾನ ಹೇಳಿದೆ.

ಫ್ಲ್ಯಾಟಿಗೆ ಹಿತ್ತಲಿರಲಿಲ್ಲ. ಅಳಿಯ ಸಾರನಾಥದ ಒಂದು ನರ್ಸರಿಗೆ ಹೋಗಿ ಇಲ್ಲಿಯವರು ಬೇಲಾ ಎನ್ನುವ ದುಂಡುಮಲ್ಲಿಗೆಯ ಗಿಡವನ್ನು ಕುಂಡದ ಸಮೇತ ಆಟೋದಲ್ಲಿ ತಂದ. ತುಣುಕು ಬಿದ್ದ ದಿನ ಅದನ್ನು ಆ ಕುಂಡದಲ್ಲಿ ಹೂತರು. ಬಾಣಂತನ ಮುಗಿಯಿತು. ಸೊಸೆ ಮಗುವಿನೊಂದಿಗೆ ಅತ್ತೆಮನೆಗೆ ಹೋದಳು, ಫ್ಲ್ಯಾಟ್ ಖಾಲಿಯಾಯಿತು, ತಾಯಿ ಗದಗಿನ ಗಾಡಿಗೆ ಸಜ್ಜಾದರು. ಕುಂಡವೊಂದು ಉಳಿಯಿತು. ರೈಲಿನಲ್ಲಿ ಒಯ್ದರೆ ಗಿಡ ಉಳಿಯುವುದಿಲ್ಲ. ಅತ್ತೆ ತಮ್ಮ ಮನೆಗೆ ಬೇಡವೇ ಬೇಡ ಎಂದರು. "ತವರಿನದು ನಮ್ಮ ಮನೇಲಿ ಇಟ್ರೆ ಅವಳು ಹೋಗೋದೆಲ್ಲಿಗೆ?" ಕೊನೆಗೆ ತಾಯಿ ಕುಂಡವನ್ನು ತಂದು ನನ್ನ ಮನೆಯ ಬಾಲ್ಕನಿಯಲ್ಲಿಟ್ಟರು. ನೀರು ಹಾಕುವುದಷ್ಟೇ ನನ್ನ ಕೆಲಸ ಎಂದು ನಾನು ತಿಳಿದಿದ್ದೆ.

ಶ್ರಾವಣ ಬಂತು. ನಾಗರ ಪಂಚಮಿಯ ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ಹುಡುಗಿ ಹಸಿರು ಸೀರೆಯುಟ್ಟು, ಮಗುವನ್ನು ಎತ್ತಿಕೊಂಡು, ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ನಿಂತಿದ್ದಳು. ಅವಳ ಹಿಂದೆ ಮೆಟ್ಟಿಲಿನ ಮೇಲೆ ಅತ್ತೆ. ಪಂಚಮಿ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಏನಾದರೂ ತೊಂದರೆಯೇ ಎಂದು ಮಗುವಿನ ಹಣೆ ಮುಟ್ಟಿ ನೋಡಿದೆ, ವೃತ್ತಿಯ ಚಾಳಿ. ಮಗು ತಣ್ಣಗಿತ್ತು.

"ಒಳಗೆ ಬನ್ನಿ" ಎಂದೆ. ಹುಡುಗಿ ಬಂದಳು, ಅತ್ತೆ ಬರಲಿಲ್ಲ.

"ನೀವೂ ಬನ್ನಿ ಅಮ್ಮಾ."

"ನೋಡಿ ಡಾಕ್ಟ್ರೇ, ಸೊಸೇನ ತವರಿಗೆ ಬಿಡೋಕೆ ಬಂದಿದ್ದೀನಿ. ಬೀಗರು ಸರಿಯಾಗಿ ಕರೀದೆ ನಾನು ಹೆಂಗೆ ಒಳಗೆ ಬರ್ಲಿ?"

ನಾನು ಒಳಗೆ ಹೋಗಿ ಕುಂಕುಮ ತಂದು, "ಬನ್ನಿ ಬೀಗರೇ" ಎಂದು ಕರೆದೆ. ಅತ್ತೆ ಗೆದ್ದವರ ಹಾಗೆ ನಗುತ್ತಾ ಒಳಗೆ ಬಂದರು. ನನ್ನ ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಪಂಚಮಿಗೆ ಯಾರೂ ಉಂಡಿ ಕಟ್ಟಿರಲಿಲ್ಲ. ಗದಗಿಗೆ ಫೋನ್ ಹಚ್ಚಿ ಅಡುಗೆಮನೆಯ ಕಿಟಕಿಯಲ್ಲಿಟ್ಟೆವು. ಅಲ್ಲಿಂದ ಆ ತಾಯಿ ಬೆಲ್ಲದ ಪಾಕಕ್ಕೆ ಅಪ್ಪಣೆ ಕೊಡುತ್ತಿದ್ದರು, ಇಲ್ಲಿ ನಾನು ಸೌಟು ತಿರುವುತ್ತಿದ್ದೆ. ಪಾಕ ಗಟ್ಟಿಯಾಯಿತು. ಉಂಡಿಗಳು ಕಲ್ಲಿನಂತಾದವು, ಮೂವರೂ ಕಟಂ ಕಟಂ ಎಂದು ಕಡಿದು ತಿಂದೆವು. ಮಗು ಬಾಲ್ಕನಿಯಲ್ಲಿ ಬೇಲಾ ಗಿಡದ ಪಕ್ಕ ಸೀರೆಯ ಜೋಳಿಗೆಯಲ್ಲಿ ಮಲಗಿತ್ತು.

ಸಂಜೆ ಹೊರಡುವಾಗ ಅವಳ ಉಡಿ ತುಂಬಿದೆ. ಹೇಗೆ ತುಂಬಬೇಕೆಂದು ಅತ್ತೆಯೇ ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. ಇಷ್ಟು ತಿಂಗಳು ನನ್ನನ್ನು ಡಾಕ್ಟರ್ರ ಎಂದು ಕರೆದವಳು ನನ್ನ ಕಾಲು ಮುಟ್ಟಿ ಎದ್ದು, "ಹೋಗಿ ಬರ್ತೀನವ್ವಾ, ಗಿಡಕ್ಕ ನೀರು ಹಾಕೋದು ಮರೀಬ್ಯಾಡ" ಎಂದಳು.